ಮಿಸ್ತ್ರಿ ಚಾಚಾನ ಅಳತೆ ಮನುಷ್ಯ

ಹೋದ ವಾರ ಹಳೆಯ ಟ್ರಂಕಿನಲ್ಲಿ ಕನ್ನಡಕ ಹುಡುಕುತ್ತಿದ್ದೆ. ಕನ್ನಡಕ ಸಿಗಲಿಲ್ಲ, ಒಬ್ಬ ಮನುಷ್ಯ ಸಿಕ್ಕ. ನನ್ನ ತೋರುಬೆರಳಿನಷ್ಟು ಎತ್ತರ, ತೇಗದ ಮರದವನು. ಕೈ ಎರಡೂ ಮೈಗೆ ಅಂಟಿಕೊಂಡಿವೆ, ಮುಖದಲ್ಲಿ ಕಣ್ಣು ಮೂಗು ಏನೂ ಇಲ್ಲ, ತಲೆಯ ಸುತ್ತ ಮಾತ್ರ ಟೋಪಿಯಂತೆ ಒಂದು ಗೆರೆ. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷ ಬಟ್ಟೆಗಳ ನಡುವೆ ಮಲಗಿದ್ದರೂ ತೇಗದ ಹೊಟ್ಟು, ಕೊಬ್ಬರಿ ಎಣ್ಣೆ, ಕಾಯಿಸಿದ ಅಂಟು ಮೂರೂ ಸೇರಿದ ಆ ವಾಸನೆ ಹಾಗೇ ಇತ್ತು. ವಾಸನೆಯ ಹಿಂದೆಯೇ ಮಿಸ್ತ್ರಿ ಚಾಚಾ ಬಂದರು...

ಆನೆಕೊಂಡದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೆಳಗ್ಗೆ ಬಸ್ಸು ಹಿಡಿದು ಹರಿಹರದ ಕಾರ್ಖಾನೆಯೊಂದಕ್ಕೆ ಹೋಗುವರು, ಕಬ್ಬಿಣದ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುವರು, ಸಂಜೆ ವಾಪಸ್ಸು ಬರುವರು. ಅದು ಹೊಟ್ಟೆಪಾಡು. ಅದಕ್ಕೂ ಮೊದಲು ಹನ್ನೆರಡು ವರ್ಷ ಮದ್ರಾಸಿನ ಸ್ಟುಡಿಯೋದಲ್ಲಿದ್ದರು. ಆಗಿನ ಸಿನಿಮಾಗಳಲ್ಲಿ ಅರಮನೆ ಸುಡುತ್ತಿತ್ತಲ್ಲ, ಹಡಗು ಮುಳುಗುತ್ತಿತ್ತಲ್ಲ, ಅವು ಮೊಣಕಾಲೆತ್ತರದ ಮಾದರಿಗಳು. ಅವನ್ನು ಕಟ್ಟುವವರಲ್ಲಿ ಚಾಚಾನೂ ಒಬ್ಬರು. ಅಪ್ಪನಿಗೆ ಕಾಯಿಲೆಯೆಂದು ಊರಿಗೆ ಬಂದವರು ಇಲ್ಲೇ ಉಳಿದುಬಿಟ್ಟಿದ್ದರು.

ನಾನು ಆಗ ದಾವಣಗೆರೆಯ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್. ನನ್ನ ಹೆಸರು ಕೇಳಿದರೆ ಆನೆಕೊಂಡದ ಮುದುಕರು ಈಗಲೂ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಕದಿಯುತ್ತಿದ್ದೆ ಅಂತಲ್ಲ, ಏನಾದರೂ ಹಾಕಿರುತ್ತಿದ್ದೆ, ಕಪ್ಪೆಯೋ, ಬೇರೆಯವರ ಮನೆಯ ಬೀಗದ ಕೈಯೋ. ನಮ್ಮ ಓಣಿಯ ಕಟಿಂಗ್ ಅಂಗಡಿಗೆ 'ಇಂದು ಹೆಂಗಸರಿಗೆ ಮಾತ್ರ' ಎಂದು ಬೋರ್ಡು ನೇತುಹಾಕಿ ಅರ್ಧ ದಿನ ವ್ಯಾಪಾರ ನಿಲ್ಲಿಸಿದವನು ನಾನು. ಮಧ್ಯಂತರದ ಜಾಹೀರಾತು ಸ್ಲೈಡುಗಳ ನಡುವೆ, ನಮ್ಮ ಮ್ಯಾನೇಜರಿಗೆ ಹೆಣ್ಣು ಬೇಕಾಗಿದೆ ಎಂದು ಬರೆದು ತೋರಿಸಿದವನೂ ನಾನೇ. ಅವರಿಗೆ ಆಗಲೇ ಮೂರು ಮಕ್ಕಳಿದ್ದವು. ನನ್ನಂಥ ಕೀಟಲೆಗಾರ ಹರಿಹರದಿಂದ ಈಚೆಗೆ ಹುಟ್ಟಿಲ್ಲ. ಆಚೆಗೆ ನಾನು ವಿಚಾರಿಸಲು ಹೋಗಿಲ್ಲ.

ಚಾಚಾ ಮಾದರಿ ಕಟ್ಟುವಾಗ ಟೇಪು ಹಿಡಿಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಸ್ಕೇಲು, ಮನೆಯಲ್ಲಿ ಮನುಷ್ಯ. ಯಾವ ಮಾದರಿಯಾದರೂ ಸರಿ, ಮೊದಲು ಒಬ್ಬ ಮನುಷ್ಯನನ್ನು ಕೆತ್ತುವರು. ಆಮೇಲಿನದೆಲ್ಲ ಅವನಿಗೆ ತಕ್ಕಂತೆ. ಬಾಗಿಲು ಮಾಡಿದರೆ ಅವನು ತಲೆ ಬಗ್ಗಿಸದೆ ಒಳಗೆ ಹೋಗಬೇಕು, ಮೆಟ್ಟಿಲು ಮಾಡಿದರೆ ಅವನ ಮೊಣಕಾಲಿಗಿಂತ ಕೆಳಗಿರಬೇಕು. ಬೆಳಗ್ಗೆ ಅವನನ್ನು ಅಂಗಿಯ ಜೇಬಿನಿಂದ ತೆಗೆದು ಕೆಲಸದ ಮುಂದೆ ನಿಲ್ಲಿಸಿ, "ಏನ್ರಿ ಸಾಹೇಬ್ರ, ಬರ್ರಿ, ಹೆಂಗೈತೆ ನೋಡ್ರಿ" ಅನ್ನುವರು. ಅವನು ಹೂಂ ಅಂದದ್ದು ಇವರಿಗೆ ಮಾತ್ರ ಕೇಳಿಸುತ್ತಿತ್ತು. ಅಳತೆಪಟ್ಟಿಯ ಮೇಲಿನ ಗೆರೆ ಎಣಿಸುವಾಗ ತಪ್ಪಬಹುದು, ಎದುರಿಗೆ ನಿಂತ ಮನುಷ್ಯ ತಪ್ಪಿಸುವುದಿಲ್ಲ ಎಂಬುದು ಅವರ ನಂಬಿಕೆ. ಪಕ್ಕದ ಮನೆಯಲ್ಲಿ ನಾನಿದ್ದೂ ಅವರಿಗೆ ಆ ನಂಬಿಕೆ ಹೇಗೆ ಉಳಿದಿತ್ತೋ...

ಒಂದು ಬೇಸಿಗೆಯಲ್ಲಿ ಸಿನಿಮಾದವರು ಅವರನ್ನು ಹುಡುಕಿಕೊಂಡು ಬಂದರು. ಹರಿಹರದ ಹೊಳೆದಂಡೆಯಲ್ಲಿ ಅವರ ಶೂಟಿಂಗ್ ನಡೆದಿತ್ತು. ಕಥೆಯಲ್ಲಿ ನೆರೆ ಬಂದು ಸೇತುವೆ ಕುಸಿಯಬೇಕು, ಮೇಲಿದ್ದ ಬಸ್ಸು ನೀರಿಗೆ ಬೀಳಬೇಕು. ನಿಜವಾದ ಸೇತುವೆ ಕೆಡವುತ್ತೇವೆ ಎಂದರೆ ಸರ್ಕಾರ ಒಪ್ಪುವುದಿಲ್ಲವಲ್ಲ. ಹಾಗಾಗಿ ಇಪ್ಪತ್ತೆರಡು ಅಡಿ ಉದ್ದದ ಮಾದರಿ ಸೇತುವೆ ಬೇಕಿತ್ತು. ಇದು ಚೆನ್ನಾಗಿ ಬಂದರೆ ಮುಂದಿನ ಸಿನಿಮಾಕ್ಕೆ ಒಂದು ಇಡೀ ಊರನ್ನೇ ಕಟ್ಟಬೇಕಾಗುತ್ತದೆ, ಮದ್ರಾಸಿಗೆ ಬಂದುಬಿಡಿ ಎಂದರು.

ಚಾಚಾ ಕಾರ್ಖಾನೆಗೆ ರಜೆ ಹಾಕಿದರು. ಅವತ್ತು ಗೋಡೆಯ ಮೇಲೆ ಮೊಣಕೈ ಊರಿ ನನಗೆ ಹೇಳಿದ್ದು ನೆನಪಿದೆ. "ಮದ್ರಾಸ್ ಬಿಟ್ಟು ಹತ್ತು ವರ್ಷ ಆತು ಬೇಟಾ. ಕಣ್ಣು ಹಂಗೇ ಐತೋ ಇಲ್ಲೋ ಗೊತ್ತಿಲ್ಲ. ಈ ಸೇತುವೆ ನೋಡಿ ನಿನ್ ಟಾಕೀಸ್‌ನಾಗ ಒಬ್ಬ ನಕ್ಕರೂ ಮುಗೀತು, ಅಚ್ಚು ಮಾಡ್ಕೊಂಡು ಇರ್ತೀನಿ. ಯಾರೂ ನಗಲಿಲ್ಲ ಅಂದ್ರೆ ಹೋಗ್ತೀನಿ. ಊರು ಕಟ್ತೀನಿ." ಊರು ಅನ್ನುವಾಗ ಅವರ ಅಂಗೈ ಆಗಲೇ ಗಾಳಿಯಲ್ಲಿ ಯಾವುದೋ ಗೋಡೆ ಸವರುತ್ತಿತ್ತು.

ಅವರ ಹಿತ್ತಿಲಲ್ಲಿ, ನಮ್ಮ ಗೋಡೆಯ ಕಡೆಯಿಂದ ಹುಣಸೆ ಮರದ ಕಡೆಗೆ, ಒಂದಾದ ಮೇಲೆ ಒಂದರಂತೆ ಕಮಾನುಗಳು ಎದ್ದವು. ಒಟ್ಟು ಒಂಬತ್ತು. ಪ್ಲಾಸ್ಟರಿಗೆ ಮರದ ಹೊಟ್ಟು ಬೆರೆಸಿದ್ದರು. ಬರೀ ಪ್ಲಾಸ್ಟರ್ ಆದರೆ ತಟ್ಟೆಯ ಹಾಗೆ ಒಡೆಯುತ್ತದೆ, ಹೊಟ್ಟಿದ್ದರೆ ಕಲ್ಲಿನ ಹಾಗೆ ಬಿರಿಯುತ್ತದೆ. ಹಳೆಯ ಕಲ್ಲಿನ ಬಣ್ಣಕ್ಕೆ ಇಟ್ಟಿಗೆ ಪುಡಿ, ಟೀ ಡಿಕಾಕ್ಷನ್. ಅಂಚಿನ ಕಂಬಿಯ ಕಟಾಂಜನಕ್ಕೆ ಬೋಲ್ಟುಗಳ ಬದಲು ಒಂದೊಂದೇ ರಾಗಿಕಾಳು ಅಂಟಿಸಿದ್ದರು. ಮೂರನೇ ಕಮಾನು ಮುಗಿದ ದಿನ ಗುಬ್ಬಿಗಳು ಬಂದು ಸೇತುವೆಯ ಬೋಲ್ಟುಗಳನ್ನೆಲ್ಲ ತಿಂದು ಹೋದವು. ಚಾಚಾ ಗುಬ್ಬಿಗಳಿಗೆ ಉರ್ದುವಿನಲ್ಲಿ ಬೈದು, ಮತ್ತೆ ಕೂತು ಕಾಳು ಅಂಟಿಸಿದರು. ಈ ಸಲ ಅಂಟಿಗೆ ಬೇವಿನೆಣ್ಣೆ ಹಾಕಿದ್ದರು. ಅಂಗೈ ಅಗಲದ, ಮೊಳದುದ್ದದ ಬಸ್ಸನ್ನು ಮೊದಲೇ ಮಾಡಿಟ್ಟಿದ್ದರು. ಅದರ ಹಣೆಯ ಮೇಲೆ 'ಕುಕ್ಕುವಾಡ' ಎಂದು ಒಂದೇ ಕೂದಲಿನ ಕುಂಚದಿಂದ ಬರೆದಿದ್ದರು.

ಇನ್ನು ನನ್ನ ಕೆಲಸ ಹೇಳುತ್ತೇನೆ.

ಮಧ್ಯಾಹ್ನ ನಮಾಜಿಗೆ ಹೋಗುವಾಗ ಚಾಚಾ ಅಳತೆ ಮನುಷ್ಯನನ್ನು ಸೇತುವೆಯ ಮೇಲೆ ಕಾವಲಿಗೆ ನಿಲ್ಲಿಸಿ ಹೋಗುತ್ತಿದ್ದರು. ಅವರ ಹಿತ್ತಿಲಲ್ಲೇ ಬಿದ್ದಿದ್ದ ತೇಗದ ಚೂರು ಆಯ್ದು ನಾನು ಅವನಂಥವನೇ ಇನ್ನೊಬ್ಬನನ್ನು ಕೆತ್ತಿದೆ. ಬೆಂಕಿಕಡ್ಡಿಯ ದಪ್ಪದಷ್ಟು ಗಿಡ್ಡ, ಅಷ್ಟೇ ವ್ಯತ್ಯಾಸ. ಅದೇ ಟೋಪಿಯ ಗೆರೆ, ಅದೇ ಕೊಬ್ಬರಿ ಎಣ್ಣೆಯ ಹೊಳಪು. ನನ್ನ ಕೈ ಸಾಮಾನ್ಯದ್ದಲ್ಲ. ಗುಬ್ಬಿ ಗಲಾಟೆಯಾದ ದಿನವೇ ಇವನನ್ನು ಅಲ್ಲಿಟ್ಟು ಅವನನ್ನು ಜೇಬಿಗೆ ಹಾಕಿಕೊಂಡು ಬಂದೆ. ಸಂಜೆಯೊಳಗೆ ಗೋಡೆಯಾಚೆಯಿಂದ 'ಶೈತಾನ್' ಎಂದು ಕೂಗು ಕೇಳುತ್ತದೆ, ಇಬ್ಬರೂ ನಕ್ಕು ಟೀ ಕುಡಿಯುತ್ತೇವೆ ಎಂಬುದು ನನ್ನ ಲೆಕ್ಕ. ಕೂಗು ಬರಲಿಲ್ಲ. ಹತ್ತು ದಿನ ಕಾದು ಇನ್ನೂ ಒಂದು ಕಡ್ಡಿ ಗಿಡ್ಡನನ್ನು ಇಟ್ಟೆ. ಆಗಲೂ ಇಲ್ಲ. ಮೂರನೆಯವನನ್ನು ಇಡುವ ಹೊತ್ತಿಗೆ ನನಗೆ ತಮಾಷೆಗಿಂತ ಹಟ ಜಾಸ್ತಿಯಾಗಿತ್ತು. ಚಾಚಾ ದಿನವೂ ಅವನನ್ನು ನಿಲ್ಲಿಸಿ "ಬರ್ರಿ ಸಾಹೇಬ್ರ" ಅನ್ನುವರು, ಅವನ ಎದೆಮಟ್ಟಕ್ಕೆ ಕಟಾಂಜನ ಕತ್ತರಿಸುವರು, ಅವನ ನಾಲ್ಕರಷ್ಟು ಎತ್ತರಕ್ಕೆ ದೀಪದ ಕಂಬ ನಿಲ್ಲಿಸುವರು. ಮುಂದಿನ ಕಮಾನುಗಳ ಕಂಬ, ಕಟಾಂಜನ, ಕಲ್ಲಿನ ಸಾಲು ಎಲ್ಲವೂ ಸದ್ದಿಲ್ಲದೆ ಸಣ್ಣದಾಗುತ್ತ ಹುಣಸೆ ಮರ ಮುಟ್ಟಿದವು.

ಮಾದರಿ ಸೇತುವೆಯ ಚಿತ್ರೀಕರಣ ಭಾನುವಳ್ಳಿಯ ಹತ್ತಿರ, ಕಾಲುವೆಯ ಪಕ್ಕ. ತಗ್ಗು ತೋಡಿ ಸೇತುವೆ ಕೂರಿಸಿ, ಹಿಂದೆ ಎತ್ತರದಲ್ಲಿ ಡ್ರಮ್ಮುಗಳಲ್ಲಿ ನೀರು ತುಂಬಿಸಿಟ್ಟಿದ್ದರು. ಊರನ್ನು ಎಷ್ಟು ಸಣ್ಣದಾಗಿ ಬೇಕಾದರೂ ಕಟ್ಟಬಹುದು, ನೀರಿನ ಹನಿಯನ್ನು ಸಣ್ಣದು ಮಾಡಲಾಗುವುದಿಲ್ಲ ಎಂದು ಚಾಚಾ ಅದಕ್ಕೆ ಅಂಟುವಾಳದ ರಸ ಬೆರೆಸಿದ್ದರು, ಹನಿ ಒಡೆದು ನೊರೆಯಾಗಲಿ ಎಂದು. ಕ್ಯಾಮೆರಾದವರು ಕಣ್ಣಿಟ್ಟು ನೋಡಿದವರು ತಲೆ ಎತ್ತಿ ಚಾಚಾನನ್ನು ಕರೆದರು.

"ಮಿಸ್ತ್ರಿಯವರೇ, ದೂರ ಹೋದ ಹಾಗೆ ಸಣ್ಣದು ಮಾಡಿದ್ದೀರಲ್ಲ. ಇಪ್ಪತ್ತೆರಡು ಅಡಿ ಅಂತ ಅನ್ನಿಸೋದೇ ಇಲ್ಲ, ಅರ್ಧ ಮೈಲಿ ಇದ್ದ ಹಾಗೆ ಕಾಣುತ್ತೆ. ನಾನು ಹೇಳೋದು ಮರೆತಿದ್ದೆ. ನಿಮಗೆ ಹೇಗೆ ಹೊಳೀತು?"

ಚಾಚಾ ಸೇತುವೆಯನ್ನು ನೋಡಿದರು. ಹಾಗೆ ಮಾಡಿದ ನೆನಪು ಅವರಿಗಿಲ್ಲ. ಆದರೆ ಹತ್ತು ವರ್ಷದ ಮೇಲೆ ಸಿಕ್ಕ ಹೊಗಳಿಕೆ ಅದು. "ಅಭ್ಯಾಸರಿ, ಕೈ ತಾನೇ ಮಾಡ್ತೈತೆ" ಎಂದರು. ಪಕ್ಕದಲ್ಲಿದ್ದ ನನಗೆ ನಗು ತಡೆಯಲು ಕೆಳತುಟಿ ಕಚ್ಚಬೇಕಾಯಿತು. ಅಲ್ಲೇ ಹೇಳಿಬಿಡಬಹುದಿತ್ತು. ಇಷ್ಟು ದೊಡ್ಡ ತಮಾಷೆಯನ್ನು ಕಾಲುವೆ ದಂಡೆಯಲ್ಲಿ ಹಾಳು ಮಾಡುವುದು ಬೇಡವೆಂದು ಸಿನಿಮಾ ಬಿಡುಗಡೆಯ ದಿನಕ್ಕೆ ಕಟ್ಟಿಟ್ಟುಕೊಂಡೆ. ಕಂಬಗಳಿಗೆ ಕಟ್ಟಿದ್ದ ದಾರ ಎಳೆದರು, ಡ್ರಮ್ಮು ಮಗುಚಿದರು, ಚಾಚಾನ ನಲವತ್ತು ದಿನ ನೀರಿನಲ್ಲಿ ಹೋಯಿತು.

ಆ ಸಿನಿಮಾ ನಮ್ಮ ಟಾಕೀಸಿಗೇ ಬಂತು. ಮೊದಲ ದಿನದ ಮ್ಯಾಟಿನಿಗೆ ಚಾಚಾ ನನ್ನ ಪ್ರೊಜೆಕ್ಟರ್ ಕೋಣೆಯಲ್ಲಿದ್ದರು, ಪಕ್ಕದ ಕಿಂಡಿಗೆ ಕಣ್ಣಿಟ್ಟು. ಅವರು ಪರದೆ ನೋಡುತ್ತಿರಲಿಲ್ಲ, ಜನರ ತಲೆ ನೋಡುತ್ತಿದ್ದರು. ಸೇತುವೆ ನಡುಗಿತು. ಕುಕ್ಕುವಾಡದ ಬಸ್ಸು ವಾಲಿತು. ಯಾರೂ ನಗಲಿಲ್ಲ. ಹೆಂಗಸರ ಬೆಂಚಿನ ಕಡೆಯಿಂದ ಒಂದು ದನಿ ಬಂತು, "ಯವ್ವಾ, ಅದ್ರಾಗ ಮಂದಿ ಅದಾರಲ್ಲೇ." ಚಾಚಾ ಕಿಂಡಿಯಿಂದ ಮುಖ ತೆಗೆದು ನನ್ನ ಭುಜ ಹಿಡಿದುಕೊಂಡರು. ಮದ್ರಾಸಿನಿಂದ ಬಂದ ಕಾಗದ ಅವರ ಜೇಬಿನಲ್ಲೇ ಇತ್ತು, ಎಂಟು ದಿನದಲ್ಲಿ ಹೊರಡಬೇಕೆಂದು. "ಹೋಗ್ತೀನಿ ಬೇಟಾ" ಎಂದರು.

ಆಟ ಬಿಟ್ಟ ಮೇಲೆ ಎದುರಿನ ಅಂಗಡಿಗೆ ಹೋಗಿ ಮಂಡಕ್ಕಿ ಮಿರ್ಚಿ ಹೇಳಿದೆವು. ಚಾಚಾ ಒಂದೇ ಸಮನೆ ಮಾತಾಡುತ್ತಿದ್ದರು, ಊರಿಗೆ ಎಷ್ಟು ಮನೆ, ಮಸೀದಿಯ ಮಿನಾರು ಎಲ್ಲಿ, ಗುಡಿ ಎಲ್ಲಿ ಎಂದು. ಸುಮ್ಮನೆ ಕೇಳುತ್ತ ಕೂತಿದ್ದರೆ ಆಗುತ್ತಿತ್ತು... ಆದರೆ ಜನ ಉಸಿರು ಬಿಗಿಹಿಡಿದ ಆ ದೃಶ್ಯದಲ್ಲಿ ಅರ್ಧ ನನ್ನದು ಎಂಬುದು ನನ್ನೊಬ್ಬನಿಗೆ ಮಾತ್ರ ಗೊತ್ತಿದ್ದರೆ ಏನು ಸುಖ?

"ಚಾಚಾ, ಆ ಸೇತುವೆ ದೂರ ಹೋದ್ಹಂಗೆ ಸಣ್ಣದಾಗಿತ್ತಲ್ಲ. ಅದನ್ನ ಮಾಡಿದ್ದು ಯಾರು ಅಂತ ಹೇಳ್ಲಾ?" ಎಂದು, ಜೇಬಿನಿಂದ ಮೂವರನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸಿದೆ. ನಾಲ್ಕನೆಯವನು ಅವರ ಜೇಬಿನಲ್ಲೇ ಇದ್ದ. ಎಲ್ಲ ಬಿಡಿಸಿ ಹೇಳಿದೆ. ಚಾಚಾ ಮೊದಲು ನಕ್ಕರು. ನಿಜವಾಗಿ ನಕ್ಕರು, ಕೆಮ್ಮು ಬರುವಷ್ಟು. "ಶೈತಾನ್, ಸೈತಾನನಿಗೂ ಪಾಠ ಹೇಳ್ತಿ ನೀನು" ಎಂದು ತಮ್ಮ ಜೇಬಿನವನನ್ನೂ ತೆಗೆದು ಸಾಲಿನ ಕೊನೆಗೆ ನಿಲ್ಲಿಸಿದರು. ಎಣ್ಣೆ ಅಂಗಡಿಯ ಅಳತೆ ಲೋಟಗಳ ಹಾಗೆ ನಾಲ್ವರೂ ನಿಂತರು. ಬಗ್ಗಿ ನೋಡಿದರು. ಆಮೇಲೆ ನಗು ನಿಂತಿತು.

"ಮೊದಲ್ನೇದು ಯಾವತ್ತು ಬದ್ಲಿ ಮಾಡ್ದಿ?"

"ಗುಬ್ಬಿ ಬೋಲ್ಟು ತಿಂದವಲ್ಲ, ಅವತ್ತು."

"ಮೂರನೇ ಕಮಾನು" ಎಂದು ಬೆರಳು ಮಡಚಿದರು. "ದಿನಾ ಇವನನ್ನ ಕೈಯಾಗ ಹಿಡಿದೀನಿ. ದಿನಾ ಮಾತಾಡ್ಸೀನಿ. ಒಂದು ತಿಂಗಳು ನನ್ ಮುಂದೆ ಬ್ಯಾರೆಯವನು ನಿಂತಿದ್ದ. ನನಗ ಗೊತ್ತಾಗ್ಲಿಲ್ಲ."

"ಅದ್ರಿಂದ್ಲೇ ಚಂದ ಬಂತಲ್ಲ ಚಾಚಾ. ಕ್ಯಾಮೆರಾದವ್ರು ಹೊಗಳಿದ್ರಲ್ಲ."

"ಹೌದು" ಎಂದರು. "ಹೊಗಳಿದ್ದು ನಿನ್ನ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎದುರಿಸುವುದು ನನಗೆ ಗೊತ್ತಿತ್ತು, ಊರಿನ ಅರ್ಧದಷ್ಟು ಜನರ ಸಿಟ್ಟನ್ನು ನಾನು ತಿಂದು ಅರಗಿಸಿಕೊಂಡವನು. ಚಾಚಾ ಉದ್ದದವನನ್ನು, ಅಸಲಿಯವನನ್ನು, ನನ್ನ ಕಡೆ ಸರಿಸಿದರು. "ಇವ ನಿನ್ ಹತ್ರ ಇರ್ಲಿ. ನನಗ ಇನ್ನ ಬ್ಯಾಡ." ಕೊನೆಯ ಗಿಡ್ಡನನ್ನು ಮತ್ತೆ ತಮ್ಮ ಜೇಬಿಗೇ ಹಾಕಿಕೊಂಡರು.

ಎಂಟನೆಯ ದಿನ ಬೆಳಗ್ಗೆ ಗೋಡೆಯಾಚೆ ಇಣುಕಿದೆ. ಚಾಚಾ ಊಟದ ಡಬ್ಬಿ ಹಿಡಿದು ಹರಿಹರದ ಬಸ್ಸಿಗೆ ಹೊರಟಿದ್ದರು. ಮದ್ರಾಸಿಗೆ ಕಣ್ಣು ಸರಿಯಿಲ್ಲವೆಂದು ಬರೆದು ಹಾಕಿದ್ದರಂತೆ. ನಾನು ಹೋಗಿ, ಚಾಚಾ, ಅದೆಲ್ಲ ಸುಳ್ಳು, ನಾನು ಬದಲಿಸಲೇ ಇಲ್ಲ ಎಂದೂ ಹೇಳಿ ನೋಡಿದೆ. ಜೀವನದಲ್ಲಿ ನಾನು ಹೇಳಿದ ಅತ್ಯಂತ ಕಳಪೆ ಸುಳ್ಳು ಅದು. "ಹೋಗೋ, ಕೆಲ್ಸ ನೋಡ್ಕ" ಎಂದು ನಕ್ಕು ಬಸ್ಸು ಹತ್ತಿದರು.

ಆ ಊರನ್ನು ಬೇರೆ ಯಾರೋ ಕಟ್ಟಿದರು. ಎರಡು ವರ್ಷದ ಮೇಲೆ ಆ ಸಿನಿಮಾನೂ ನಮ್ಮಲ್ಲಿಗೆ ಬಂತು. ನೀರು ಬೀದಿಗೆ ನುಗ್ಗುವಾಗ ಹನಿಗಳು ಗೋಲಿಯಷ್ಟು ದಪ್ಪ ಕಂಡವು. ಮುಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಆಮೇಲೆ ಇಡೀ ಟಾಕೀಸು ನಕ್ಕಿತು. ಸಿನಿಮಾ ಹೇಗಿತ್ತೆಂದು ಚಾಚಾ ಗೋಡೆಯಾಚೆಯಿಂದ ಕೇಳಿದರು. ಪರವಾಗಿಲ್ಲ ಎಂದೆ. ನಾನು ಯಾರಿಗೂ ಹೇಳದೆ ಉಳಿಸಿಕೊಂಡ ವಿಷಯ ಅದೊಂದೇ.

ನಿವೃತ್ತಿಯಾಗುವ ತನಕ ಚಾಚಾ ಕಾರ್ಖಾನೆಯಲ್ಲಿ ಪ್ರತಿ ಅಚ್ಚನ್ನೂ ಸ್ಕೇಲು ಇಟ್ಟು ಎರಡೆರಡು ಸಲ ಅಳೆಯುತ್ತಿದ್ದರು ಎಂದು ಅವರ ಜೊತೆಯವರು ಹೇಳುತ್ತಿದ್ದರು. ನನ್ನ ಜೊತೆ ಕೊನೆಯವರೆಗೂ ಚೆನ್ನಾಗಿಯೇ ಇದ್ದರು, ಹಬ್ಬಕ್ಕೆ ಶೀರ್ ಕುರ್ಮಾ ಕಳಿಸುತ್ತಿದ್ದರು. ಮನೆಯಲ್ಲಿ ಮತ್ತೆ ಉಳಿ ಹಿಡಿಯಲಿಲ್ಲ. ಅವರು ಹೋದ ಮೇಲೆ ಮನೆಯವರು ಹರಿಹರಕ್ಕೆ ಹೋದರು. ಗೋಡೆ ಬಿದ್ದು ಈಗ ಅಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಹುಣಸೆ ಮರವೂ ಇಲ್ಲ.

ಅಸಲಿಯವನು ಈಗ ನನ್ನ ಮೇಜಿನ ಮೇಲೆ, ಮಾತ್ರೆ ಡಬ್ಬಿಯ ಪಕ್ಕ ನಿಂತಿದ್ದಾನೆ. ಅವನ ತಲೆಯ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ಲಿನ ಗೆರೆ ಎಳೆದಿದ್ದೇನೆ. ನನ್ನ ಎಡಗಣ್ಣಿನ ಪೊರೆ ತೆಗೆದಿದ್ದಾರೆ, ಬಲಗಣ್ಣಿನದು ಬಾಕಿ ಇದೆ. ಬೆಳಗ್ಗೆ ಎದ್ದ ಕೂಡಲೇ ಅವನು ಕೊಂಚ ಗಿಡ್ಡನಾಗಿದ್ದಾನೆ ಅನ್ನಿಸುತ್ತದೆ. ಹತ್ತಿರ ಹೋಗಿ ಗೆರೆಗೆ ಹಿಡಿದು ನೋಡುತ್ತೇನೆ, ಸರಿಯಾಗಿಯೇ ಇರುತ್ತಾನೆ. ಮೊಮ್ಮಕ್ಕಳಿಗೆ ಕಾಣುವ ಹಾಗೇ ಇಟ್ಟಿದ್ದೇನೆ, ಪಕ್ಕದಲ್ಲಿ ತೇಗದ ಚೂರುಗಳನ್ನೂ ಇಟ್ಟಿದ್ದೇನೆ. ಯಾರಾದರೂ ಒಮ್ಮೆ ಬದಲಿಸಬಾರದೇ, ಗೆರೆಯನ್ನೂ ಅಳಿಸಿ ಕೆಳಗೆ ಎಳೆಯಬಾರದೇ, ನನಗೆ ಗೊತ್ತೇ ಆಗಬಾರದು. ಆಗ ಚಾಚಾನಿಗೂ ನನಗೂ ಸರಿಸಮ ಆಗುತ್ತಿತ್ತು... ಮೊಮ್ಮಕ್ಕಳಿಗೆ ಇವನ ಕಡೆ ನೋಡಲೂ ಪುರುಸೊತ್ತಿಲ್ಲ. ದಿನವೂ ಇವನು ಗೆರೆಗೆ ಸರಿಯಾಗಿ ನಿಂತಿರುತ್ತಾನೆ.