ತಿಪ್ಪವ್ವನನ್ನು ಎತ್ತಿಕೊಂಡವಳು

ದೆವ್ವ, ಗಾಳಿ, ದೃಷ್ಟಿ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವಳು ನಾನು. ಈಗಲೂ ಅಷ್ಟೇ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಎಂಬತ್ತರ ದಶಕದ ಮಾತು. ಅಣ್ಣಿಗೇರಿಯ ಶಾಲೆಯಲ್ಲಿ ಕಲಿಸುತ್ತಿದ್ದ ನಾನು ಅಣ್ಣನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ತವರೂರು ಯರಗುಪ್ಪಿಗೆ ಬಂದಿದ್ದೆ. ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಮೊದಲು ಹುಟ್ಟಿದ ಎರಡು ಕೂಸುಗಳೂ ತೊಟ್ಟಿಲು ಕಾಣುವ ಮೊದಲೇ ತೀರಿಕೊಂಡಿದ್ದವು. ಇದು ಮೂರನೆಯದು, ಹೆಣ್ಣು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಸುಜಾತಾ ಎಂದು ಇಡಬೇಕೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಬಂದಿದ್ದೆ.

ಬಂದು ನೋಡಿದರೆ ಅವ್ವ ಆಗಲೇ ತಿಪ್ಪವ್ವ ಎಂದು ತೀರ್ಮಾನಿಸಿ ಕೂತಿದ್ದಳು. ನಮ್ಮ ಕಡೆ ಆ ಹೆಸರು ಎಲ್ಲಿಂದ ಬಂತೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನದನ್ನು ಮರದಲ್ಲಿ, ಅಂದರೆ ಕಾಳು ಕೇರುವ ಮೊರದಲ್ಲಿ, ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬರುತ್ತಾರೆ. ಹೊರಗಿನವಳೊಬ್ಬಳು ಬಂದು ಎತ್ತಿಕೊಳ್ಳುತ್ತಾಳೆ. ಮನೆಯವರು ಆಕೆಗೆ ತೌಡು ಕೊಟ್ಟು ಕೂಸನ್ನು ಕೊಂಡುಕೊಳ್ಳುತ್ತಾರೆ. ಕಸದಲ್ಲಿ ಸಿಕ್ಕಿದ್ದನ್ನು ಸಾವೂ ಮುಟ್ಟುವುದಿಲ್ಲ ಎಂಬ ಲೆಕ್ಕ.

ನಾನು ಅವ್ವನ ಮೇಲೆ ಉರಿದುಬಿದ್ದೆ. "ನಾಳೆ ಸಾಲ್ಯಾಗ ಹುಡುಗುರು ಈಕಿನ್ನ ಏನಂದು ಕಾಡ್ತಾರ ಗೊತ್ತೈತೇನು ನಿನಗ? ಎಂಥಾ ಹೊಲಸು ಹೆಸರು!"

"ಹೊಲಸ ಅಂತನ ಇಡೂದು," ಎಂದಳು ಅವ್ವ. "ನೀ ಸಾಲಿ ಕಲ್ತಿ. ನಾ ಎರಡು ಕೂಸು ಮಣ್ಣ ಮಾಡೇನಿ. ಬಾಯಿ ಮುಚ್ಚು."

ವೈನಿ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಅದಕ್ಕೆ ನನ್ನ ಸಿಟ್ಟು ಇನ್ನಷ್ಟು ಏರಿತು. ಗಂಟಲು ಹರಿಯುವ ಹಾಗೆ ಜಗಳಾಡಿದೆವು. ಮಧ್ಯಾಹ್ನ ಹಿತ್ತಲ ತಿಪ್ಪೆಯ ಮೇಲೆ ಕೂಸನ್ನು ಇಟ್ಟೇಬಿಟ್ಟರು.

ಎತ್ತಿಕೊಳ್ಳಲು ಓಣಿಯ ಕೊನೆಯ ಗಂಗವ್ವನಿಗೆ ಹೇಳಿದ್ದರು. ಹಾಗೆ ಬರುವವಳು ಗುರುತಿಲ್ಲದವಳಂತೆ ಮುಖದ ಮೇಲೆ ಸೆರಗು ಎಳೆದುಕೊಂಡು ಬರಬೇಕು, ಆಕೆಯನ್ನು ಯಾರೂ ಹೆಸರು ಹಿಡಿದು ಕರೆಯಬಾರದು. ಸ್ವಲ್ಪ ಹೊತ್ತಿಗೆ ಹಾಗೆಯೇ ಒಬ್ಬಳು ಬಂದು ಕೂಸನ್ನು ಎತ್ತಿಕೊಂಡಳು. ಗಂಗವ್ವ ಇಷ್ಟು ಎತ್ತರವಿದ್ದಳೇ ಎಂದು ನನಗೆ ಅನ್ನಿಸಿತು, ಅಷ್ಟೇ.

"ಕೂಸು ಎಲ್ಲಿ ಸಿಕ್ತು ಬೇ? ನಮಗ ಕೊಡು," ಎಂದು ಅವ್ವ ಪದ್ಧತಿಯಂತೆ ಕೇಳಿ ಆಕೆಯ ಉಡಿಗೆ ತೌಡು ಹಾಕಿದಳು.

ಆಕೆ ಕೊಡಲಿಲ್ಲ. ಅವ್ವ ಮೊದಲು ನಕ್ಕಳು, ಆಮೇಲೆ ಗದರಿಸಿದಳು. ಅಷ್ಟು ಹೊತ್ತು ಚೀರುತ್ತಿದ್ದ ಕೂಸು ಸುಮ್ಮನಾಗಿತ್ತು. ನನಗೆ ರೇಗಿಹೋಗಿ ಮುಂದೆ ಹೋಗಿ ಕೂಸನ್ನು ಹಿಡಿದು ಎಳೆದೆ. ಆ ಕೈ ಸಡಿಲವಾಗಲಿಲ್ಲ. ತಲೆ ಬಗ್ಗಿಸಿದಾಗ ಆಕೆಯ ಕಾಲು ಕಂಡವು. ಬೆಳಿಗ್ಗೆಯಷ್ಟೇ ಮಳೆಯಾಗಿತ್ತು. ನಮ್ಮೂರ ಎರೆಮಣ್ಣು ಹಸಿಯಿದ್ದಾಗ ಒಂದು ಹೆಜ್ಜೆ ಇಟ್ಟರೆ ಸೇರುಗಟ್ಟಲೆ ಅಂಟುತ್ತದೆ, ನನ್ನ ಕಾಲು ಮೀನಖಂಡದವರೆಗೆ ಕರ್ರಗಾಗಿದ್ದವು. ಆಕೆಯ ಬರಿಗಾಲಿಗೆ ಮಣ್ಣೇ ಇರಲಿಲ್ಲ.

"ಹೆಸರೇನು?" ಎಂದಳು.

"ತಿಪ್ಪವ್ವ," ಎಂದಳು ಅವ್ವ.

"ನೀ ಅಲ್ಲ. ಈಕಿ ಹೇಳಲಿ."

ನನ್ನ ಬಾಯಿ ತುಂಬ ಸುಜಾತಾ ಇತ್ತು. ಆದರೆ ನಾನು ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ. "ತಿಪ್ಪವ್ವ," ಎಂದೆ.

ಕೂಡಲೇ ಹಿಡಿತ ಬಿಟ್ಟಿತು. "ಹಂಗಾರ ಆ ಹೆಸರು ಇರೂತನಕ ನಿಮ್ಮಾಕಿ," ಎಂದಳು. ನಾನು ಕೂಸನ್ನು ಎದೆಗವುಚಿಕೊಂಡು ತಲೆಯೆತ್ತುವಷ್ಟರಲ್ಲಿ ಹೋಗಿದ್ದಳು.

ನಾವು ಒಳಗೆ ಬರುತ್ತಿದ್ದ ಹಾಗೆ ಮುಂಬಾಗಿಲಿನಿಂದ ಗಂಗವ್ವ ಓಡಿಬಂದಳು, ಕಾಲ ತುಂಬ ಕೆಸರು. "ತಡಾ ಆತ್ ನೋಡ್ರಿ, ಎಮ್ಮಿ ಈದೈತಿ. ಕೂಸು ಇಟ್ರೇನು?"

ಅಣ್ಣ ಹಿತ್ತಲೆಲ್ಲ, ಓಣಿಯೆಲ್ಲ ಹುಡುಕಿದ. ಯಾರೂ ಇರಲಿಲ್ಲ. ತಿಪ್ಪೆಯ ಮೇಲೆ ತೌಡು ಒಂದೇ ಗುಡ್ಡೆಯಾಗಿ ಸುರಿದಿತ್ತು. ನಮ್ಮ ಕೋಳಿಗಳು ಸುತ್ತ ಕೆದರುತ್ತಿದ್ದವು, ಒಂದೂ ಅದಕ್ಕೆ ಬಾಯಿ ಹಾಕಲಿಲ್ಲ. ಸಂಜೆ ತೊಟ್ಟಿಲ ಮುಂದೆ ಕೂಸಿನ ಕಿವಿಯಲ್ಲಿ ನಾನು ಮತ್ತೊಮ್ಮೆ ಅದೇ ಹೆಸರು ಹೇಳಿದೆ.

ಕೂಸು ಉಳಿಯಿತು. ಉಳಿಯುವ ಕೂಸು ಉಳಿಯುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಇವತ್ತಿಗೂ ವಾದ ಮಾಡಬಲ್ಲೆ. ಬಂದವಳು ತನ್ನ ಕೂಸನ್ನು ಕಳೆದುಕೊಂಡ ಯಾವಳೋ ಹುಚ್ಚಿ ಇರಬಹುದು. ನಮ್ಮ ಜಗಳ ಓಣಿಗೆಲ್ಲ ಕೇಳಿಸಿತ್ತು, ಹೆಸರಿನ ತಕರಾರು ಆಕೆಗೂ ಗೊತ್ತಾಗಿರಬಹುದು. ಕಾಲಿನ ವಿಷಯಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ಮೊನ್ನೆ ತಿಪ್ಪವ್ವ ಬಂದಿದ್ದಳು. ಹುಬ್ಬಳ್ಳಿಯಲ್ಲಿ ನೌಕರಿ. ಹೆಸರು ಬದಲಿಸಿಕೊಳ್ಳುತ್ತಾಳಂತೆ. "ಅಜ್ಜಿಗಂತೂ ತಿಳೀಲಿಲ್ಲ, ಕಲ್ತಾಕಿ ನಿನಗೂ ತಿಳೀಲಿಲ್ಲೇನು ಅತ್ತಿ? ಈ ಕಸದ ಹೆಸರು ನನ್ನ ಕಿವ್ಯಾಗ ಊದಿದಾಕಿ ನೀನ."

"ಬದಲಿಸಬ್ಯಾಡ," ಎಂದೆ. ಯಾಕೆ ಎಂದಳು. ಜೀವಮಾನವೆಲ್ಲ ಮಕ್ಕಳಿಗೆ ಕಾರಣ ಕೇಳಲು ಕಲಿಸಿದ ನಾನು ಕಾರಣ ಹೇಳಲಾರದೆ, "ಬ್ಯಾಡಂದ್ರ ಬ್ಯಾಡ!" ಎಂದು ಅವ್ವನ ಹಾಗೆಯೇ ಚೀರಿದೆ. ಚಹಾ ಮುಟ್ಟದೆ ಎದ್ದಳು. ನಿನ್ನ ಮಾರಿ ನೋಡೂದಿಲ್ಲ ಎಂದು ಹೋದಳು.

ಊರ ತುಂಬ ನನ್ನನ್ನು ಬೈದುಕೊಂಡು ಓಡಾಡುತ್ತಿದ್ದಾಳೆ ಎಂದು ಅಣ್ಣ ಹೇಳಿದ. ಬೈಯಲಿ. ಬೈಯಲಿಕ್ಕೆ ಇದ್ದಾಳಲ್ಲ.