ಮೊಮ್ಮಗಳ ಹಾಡಿಗೆ ಗಿರಣಿ ಓಡಿಸಿದವಳು

ಅವಳ ಕಣ್ಣಿನ ರೆಪ್ಪೆ ಬೆಳಿಗ್ಗೆ ಬಿಳಿ, ಸಂಜೆ ಕಂದು. ಬೆಳಿಗ್ಗೆ ಗೋಧಿ, ಅಕ್ಕಿ ಬೀಸುತ್ತಿದ್ದಳು, ಆಮೇಲೆ ರಾಗಿ. ಶನಿವಾರ ಎಲ್ಲ ಮುಗಿದ ಮೇಲೆ ಮೆಣಸಿನಕಾಯಿ. ಆವತ್ತು ರೆಪ್ಪೆಯೂ ಕೆಂಪು, ಕಣ್ಣೂ ಕೆಂಪು. ಅಬ್ಬಿಗೆರೆಯಲ್ಲಿ ನಮ್ಮ ಬೀದಿಯ ಹಿಟ್ಟಿನ ಗಿರಣಿ ಅವಳದು. ಗಂಡ ಹೋದ ಮೇಲೆ ಒಬ್ಬಳೇ ನಡೆಸಿದಳು. ಎಲ್ಲರಿಗೂ ಅವಳು ಗಿರಣಿಯಮ್ಮ.

ನನ್ನ ಮೊಮ್ಮಗಳ ಹಾಡು ಬಿಡುಗಡೆಯಾದದ್ದನ್ನು ಕಂಡವರಿಗೆಲ್ಲ ಹೇಳಿಕೊಂಡು ತಿರುಗುವವಳು ನಾನು. ತರಕಾರಿ ಗಾಡಿಯವನಿಗೂ ಹೇಳಿದ್ದೇನೆ. ಆದರೆ ಆ ಹಾಡಿನ ಮಾತು ಬಂದರೆ ಗಿರಣಿಯಮ್ಮನ ಮಾತು ಬರಲೇಬೇಕು.

ಅವಳಿಗೆ ನಯವಾಗಿ ಮಾತಾಡಿ ಗೊತ್ತಿರಲಿಲ್ಲ, ಗದರಿಯೇ ಅಭ್ಯಾಸ. ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ತರಿ ಸಿಕ್ಕಿದರೆ ನಾವು ಕೇಳದಿದ್ದರೂ ಇನ್ನೊಂದು ಸಲ ಬೀಸುವಳು. ಡಬ್ಬ ಕೈಗೆ ಕೊಡುವಾಗ ಎಲ್ಲರಿಗೂ ಒಂದೇ ಮಾತು: "ಇಟ್ಟು ಬಿಸಿ ಐತೆ. ಮುಚ್ಚಳ ಆಕ್ಬೇಡ, ಮುಗ್ಗಾಯ್ತದೆ."

ನನ್ನ ಮಗಳು ಜ್ವರದಲ್ಲಿ ಹೋದಾಗ ಮೊಮ್ಮಗಳಿಗೆ ಹದಿಮೂರು. ಮಗು ಅಳಲಿಲ್ಲ. ಹೆಣ ಎತ್ತಿದಾಗಲೂ ಇಲ್ಲ, ತಿಥಿಯಲ್ಲೂ ಇಲ್ಲ. ಸ್ಕೂಲಿಗೆ ಹೋಗುವಳು, ಬರುವಳು, ಕೊಟ್ಟದ್ದು ತಿನ್ನುವಳು. ಕಲ್ಲಿನ ಹಾಗೆ ಕೂತಿರುತ್ತಿದ್ದ ಅವಳನ್ನು ನೋಡಿ ನನಗೆ ಮಗಳ ದುಃಖವೇ ಮರೆತುಹೋಗಿ ಇವಳ ಭಯವೇ ಹಿಡಿಯಿತು. ಒಂದು ದಿನ ರಾಗಿ ಹೊತ್ತುಕೊಂಡು ಇಬ್ಬರೂ ಗಿರಣಿಗೆ ಹೋದೆವು. ಗಿರಣಿಯಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ರಾಗಿ ಸುರಿದು, ಮಿಷನ್ ಹಾಕಿ, ಅವಳ ಕಿವಿಗೆ ಬಾಯಿಟ್ಟು ಏನೋ ಹೇಳಿದಳು. ಆ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಮೊಮ್ಮಗಳ ಬಾಯಿ ಇಷ್ಟಗಲ ತೆರೆದದ್ದು, ಕುತ್ತಿಗೆಯ ನರ ಉಬ್ಬಿದ್ದು ಮಾತ್ರ ಕಂಡಿತು. ಏನು ಹೇಳಿದ್ದಳೆಂದು ಆಮೇಲೆ ಮೊಮ್ಮಗಳೇ ಹೇಳಿದಳು.

"ಕಿರುಚ್ಕೊ ಮಗಾ. ಮಿಷನ್ ಓಡ್ತಾ ಐತೆ, ಯಾರ್ಗೂ ಕೇಳ್ಸಕಿಲ್ಲ."

ಅಂದಿನಿಂದ ಸ್ಕೂಲು ಬಿಟ್ಟ ಕೂಡಲೇ ಅವಳು ಗಿರಣಿಗೆ ಓಡುತ್ತಿದ್ದಳು. ಕಿರುಚಾಟ ಬರಬರುತ್ತಾ ರಾಗವಾಯಿತು. ಕಾಲೇಜಿಗೆ ಸೇರಿದ ಮೇಲೆ ಗಿಟಾರ್ ಹಿಡಿದ ಗೆಳತಿಯರು ಬಂದರು, ಡ್ರಮ್ಮೂ ಬಂತು. ಗೋಣಿಚೀಲಗಳ ಪಕ್ಕದಲ್ಲೇ ಅವರ ಪ್ರಾಕ್ಟೀಸು. ಡಬ್ಬ ಹಿಡಿದು ಕಾಯುವ ಹೆಂಗಸರು ಕಿವಿ ಹೋಯಿತೆಂದು ಗೊಣಗಿದರೆ ಗಿರಣಿಯಮ್ಮ ಬಿಡುತ್ತಿರಲಿಲ್ಲ. "ನಿಮ್ ಬಾಯಿಗಿಂತ ಆ ಡ್ರಮ್ಮೇ ವಾಸಿ ಕಣ್ರೇ" ಎನ್ನುವಳು. ಹಾಗೆಂದು ಆ ಸಂಗೀತ ಅವಳಿಗೆ ಹಿಡಿಸಿತ್ತು ಎಂದೇನಲ್ಲ. ಇದಕ್ಕೇನು ಹೆಸರು ಎಂದು ಕೇಳಿದಳು. ಆಲ್ಟರ್ನೇಟಿವ್ ರಾಕ್ ಎಂದಳು ಮೊಮ್ಮಗಳು. "ಎಸ್ರು ದೊಡ್ದಾಗೇ ಐತೆ" ಎಂದು ಮುಂದಿನ ಡಬ್ಬ ಎತ್ತಿಕೊಂಡಳು.

ತನ್ನ ಅಮ್ಮನ ಮೇಲೆ ಮೊಮ್ಮಗಳು ಒಂದು ಹಾಡು ಕಟ್ಟಿದಳು. ಅದೊಂದನ್ನೇ ಮೊದಲು ಬಿಡುತ್ತೇವೆ, ಅದಕ್ಕೆ ಸಿಂಗಲ್ ಅನ್ನುತ್ತಾರೆ ಎಂದು ನನಗೆ ಬಿಡಿಸಿ ಹೇಳಿದಳು. ಆರ್.ಟಿ. ನಗರದ ಒಂದು ಸ್ಟುಡಿಯೋದಲ್ಲಿ ರೆಕಾರ್ಡಿಂಗು. ನಾನೂ ಗಿರಣಿಯಮ್ಮನೂ ಆಟೋದಲ್ಲಿ ಹೋದೆವು. ಅಲ್ಲಿ ಗಾಜಿನ ಕೋಣೆ, ಗೋಡೆಗೆಲ್ಲ ಸ್ಪಂಜು. ನಮ್ಮ ಉಸಿರು ನಮಗೇ ಕೇಳುವಷ್ಟು ನಿಶ್ಶಬ್ದ. ಒಳಗೆ ಹೋದ ಮೊಮ್ಮಗಳ ಬಾಯಿಂದ ದನಿಯೇ ಹೊರಡಲಿಲ್ಲ. ನೀರು ಕುಡಿದಳು, ಮತ್ತೆ ನಿಂತಳು, ಇಲ್ಲ. ಸತ್ತ ಮನೆಯಲ್ಲಿ ಕೂತಿದ್ದಳಲ್ಲ, ಅದೇ ಮುಖ. ಇನ್ನೊಂದು ದಿನ ನೋಡೋಣ ಎಂದು ಸ್ಟುಡಿಯೋದವನು ವೈರು ಸುತ್ತಲು ಶುರುಮಾಡಿದ.

ಗಿರಣಿಯಮ್ಮ ಸೊಂಟದಿಂದ ಫೋನು ತೆಗೆದು ಗಿರಣಿಯಲ್ಲಿ ಕೂರಿಸಿ ಬಂದಿದ್ದ ಅಳಿಯನನ್ನು ಕರೆದಳು. ಮಿಷನ್ ಹಾಕಿ ಫೋನನ್ನು ಹತ್ತಿರ ಹಿಡಿ ಎಂದಳು. ಬೀಸಲು ಕಾಳೇ ಇಲ್ಲ ಎಂದನಂತೆ ಆತ. ಬರಿದೇ ಓಡಿಸಿದರೆ ಕಲ್ಲಿಗೆ ಕಲ್ಲು ತಿಕ್ಕಿ ಹಾಳಾಗುತ್ತದೆ, ಹಾಗೆ ಓಡಿಸಲು ಅವಳು ಯಾರನ್ನೂ ಬಿಟ್ಟವಳಲ್ಲ.

"ನಮ್ಮನೆ ರಾಗಿ ಸುರಿ. ಮುಗುದ್ರೆ ಬೀಸಿದ್ದನ್ನೇ ಇನ್ನೊಂದ್ಸಲ ಬೀಸು. ನಾ ಸಾಕು ಅನ್ನೋಗಂಟ ನಿಲ್ಲಿಸ್ಬೇಡ."

ಸ್ಟುಡಿಯೋದವನು ನಕ್ಕ. ಆದರೂ ಫೋನಿಗೆ ಅದೇನೋ ವೈರು ಸಿಕ್ಕಿಸಿ ಆ ಸದ್ದನ್ನು ಮೊಮ್ಮಗಳ ಹೆಡ್‌ಫೋನಿಗೆ ಬಿಟ್ಟ. ಗಾಜಿನಾಚೆ ಅವಳ ಭುಜ ಇಳಿಯಿತು. ಕಣ್ಣು ಮುಚ್ಚಿದಳು, ಹಾಡಿದಳು. ಮಿಷನ್ ಅಡ್ಡ ಇಲ್ಲದೆ ಆ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಮಗಳ ದನಿ ಅದು, ಹಾಗೇ ಇತ್ತು. ಗಿರಣಿಯಮ್ಮ ಮುಖ ತಿರುಗಿಸಿಕೊಂಡು ಸ್ಪಂಜಿನ ಗೋಡೆಯನ್ನು ಒತ್ತಿ ಒತ್ತಿ ನೋಡುತ್ತಿದ್ದಳು.

ಹಾಡು ಇಂಟರ್ನೆಟ್ಟಿಗೆ ಬಂದ ದಿನ ನಾನು ತಂಬಿಟ್ಟು ಮಾಡಿ ಬೀದಿಗೆಲ್ಲ ಹಂಚಿದೆ. ಇದೇನು ಹಿಂಗೆ ಕೂಗುತ್ತಾಳೆ ಎಂದವರೂ ತಂಬಿಟ್ಟು ತಿಂದರು. ಆಮೇಲೆ ಎಲ್ಲೆಲ್ಲಿಯವರೋ ಬರೆದರು. ಬರೀ ಗದ್ದಲ ಎಂದು ಕೆಲವರು, ತಾಯಿ ನೆನಪಾಗಿ ಊಟ ಸೇರಲಿಲ್ಲ ಎಂದು ಕೆಲವರು. ಮೊಮ್ಮಗಳು ಓದಿ ಹೇಳುತ್ತಿದ್ದರೆ ನಾನು ಇನ್ನೊಂದು ಸಲ ಓದು, ಇನ್ನೊಂದು ಸಲ ಓದು ಎಂದು ಪೀಡಿಸುತ್ತಿದ್ದೆ.

ಗಿರಣಿಯಮ್ಮ ಆಗ ಯಲಹಂಕದ ಆಸ್ಪತ್ರೆಯಲ್ಲಿದ್ದಳು. ಅಷ್ಟು ವರ್ಷ ಕುಡಿದ ಹಿಟ್ಟಿನ ಧೂಳು ಶ್ವಾಸಕೋಶ ಹಿಡಿದಿತ್ತು. ಮೂಗಿಗೆ ನಳಿಗೆ. ರೆಪ್ಪೆ ತೊಳೆದಂತೆ ಕಪ್ಪಗಿತ್ತು, ನನಗೆ ಗುರುತೇ ಸಿಗಲಿಲ್ಲ. ಮೊಮ್ಮಗಳು ಅವಳ ಕಿವಿಗೆ ಫೋನಿಟ್ಟು ಹಾಡನ್ನು ಪೂರ್ತಿ ಕೇಳಿಸಿದಳು.

"ನಮ್ ಮಿಷನ್ ಎಲ್ಲೂ ಬರ್ಲೇ ಇಲ್ವಲ್ಲೇ?"

ಅದು ನನ್ನ ಕಿವಿಗೆ ಮಾತ್ರ ಇದ್ದದ್ದು ಅಜ್ಜಿ, ಹಾಡಿನೊಳಗೆ ಇಲ್ಲ ಎಂದಳು ಮೊಮ್ಮಗಳು. ಬೇಕಾದರೆ ಮುಂದಿನ ಹಾಡಿಗೆ ಸೇರಿಸುತ್ತೇನೆ ಎಂದಳು.

"ಬ್ಯಾಡ ಬುಡು." ಸ್ವಲ್ಪ ಹೊತ್ತು ಉಸಿರಿಗೆ ಒದ್ದಾಡಿ ನನ್ನ ಕಡೆ ತಿರುಗಿದಳು. "ಇನ್ ಅವ್ಳಿಗೆ ಮಿಷನ್ ಬೇಕಾಗಕಿಲ್ಲ ಕಣಕ್ಕಾ."

ಆ ವಾರ ಕಳೆಯುವುದರೊಳಗೆ ಹೋದಳು. ಗಿರಣಿಯ ಮುಂದೆಯೇ ಮಲಗಿಸಿದ್ದರು. ಒಳಗೆ ಮಿಷನ್ ನಿಂತಿತ್ತು. ಬೀದಿಯಲ್ಲಿ ಪಿಸುಮಾತು ಬಿಟ್ಟರೆ ಸದ್ದಿಲ್ಲ. ಕಾಲೇಜಿನಿಂದ ಓಡಿಬಂದ ಮೊಮ್ಮಗಳು ಮೆಟ್ಟಿಲ ಹತ್ತಿರ ನಿಂತಳು. ನಿಂತವಳು, ಅಷ್ಟು ಜನರ ಎದುರು, ಬಾಯಿಬಿಟ್ಟು ಅತ್ತಳು. ಅಜ್ಜೀ ಎಂದು ಅತ್ತಳು, ಆಮೇಲೆ ಅಮ್ಮಾ ಎಂದು ಅತ್ತಳು. ಮೇನ್ ರೋಡಿನಲ್ಲಿ ಹೋಗುವವರೂ ತಿರುಗಿ ನೋಡಿದರು. ಯಾರೋ ಅವಳ ಬಾಯಿಗೆ ಕೈ ಅಡ್ಡ ಇಡಲು ಹೋದರು, ನಾನು ತಡೆದೆ.

ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಆದರೆ ಸೆರಗನ್ನು ನಾನು ಬಾಯಿಗೆ ಒತ್ತಿ ಹಿಡಿದಿದ್ದೆ, ತುಟಿಗೆ ಬಂದ ನಗು ಯಾರಿಗೂ ಕಾಣದಿರಲಿ ಎಂದು.