ನರ್ಸಮ್ಮನ ಚೀಲಕ್ಕೆ ಎಷ್ಟು ಗೇರು?

ಸಾಲಿ ಬಿಟ್ಟು ಕುರುಗೋಡಿನಿಂದ ನಾನು ಮೊದಲು ಕಾಲ್ಕಿತ್ತದ್ದು ಒಂದು ಸೋಮವಾರ. ಯುದ್ಧದ ಕಾಲದಲ್ಲಿ ಮಿಲಿಟರಿ ಜೀಪು ಓಡಿಸಲು ಕಲಿತೆ. ಅದರ ಗೇರಿನ ಕೋಲು ನೆಲದಲ್ಲಿತ್ತು. ಯುದ್ಧ ಮುಗಿದ ಮೇಲೆ ಸಿರುಗುಪ್ಪದ ಆಸ್ಪತ್ರೆಗೆ ಬಂದ ಜೀಪಿನಲ್ಲಿ ಅದು ಸ್ಟೇರಿಂಗಿನ ಕೆಳಗಿತ್ತು. ನನ್ನ ಕೈ ಮಾತ್ರ ಹಳೇ ಜಾಗಕ್ಕೇ ಹೋಗಿ, ಪಕ್ಕದಲ್ಲಿ ಕೂತ ನರ್ಸಮ್ಮ ನಮ್ಮಿಬ್ಬರ ನಡುವೆ ಇಟ್ಟ ಚೀಲದ ಹಿಡಿಕೆ ಹಿಡಿಯುತ್ತಿತ್ತು.

"ಡ್ರೈವರ್ ಸಾಹೇಬ್ರ, ನನ್ನ ಚೀಲಕ್ಕ ಎಷ್ಟು ಗೇರ್ ಅದಾವ್ರಿ?"

"ಮೂರ್ರಿ. ಹಿಂದಕ್ಕೊಂದು."

ಕೆಂಚನಗುಡ್ಡ ಮುಟ್ಟುವ ತನಕ ನಕ್ಕಳು. ಆ ನಗುವಿಗಾಗಿ ಆಮೇಲೆ ಬೇಕಂತಲೇ ಕೈ ತಪ್ಪಿಸಿದೆ. ಎಲ್ಲೂ ಆರು ತಿಂಗಳು ನಿಲ್ಲದವನು ಅಲ್ಲಿ ವರ್ಷ ನಿಂತೆ.

ಮರುವರ್ಷ ಬಳ್ಳಾರಿಯಿಂದ ಹೊಸ ಜೀಪು ಬಂತು. ಮೋರೆ ಅದೇ, ಎಂಜಿನ್ನೂ ಅದೇ. ಗೇರು ಮಾತ್ರ ತಿರುಗಿ ನೆಲಕ್ಕೆ ಇಳಿದಿತ್ತು. ಚೀಲ ಹಿಂದಿನ ಸೀಟಿಗೆ ಹೋಯಿತು. ಕೈ ತಪ್ಪಲಿಲ್ಲ, ಆಕೆ ನಗಲಿಲ್ಲ.

ಈಗ ನನ್ನ ಚೀಲ ಕಟ್ಟುತ್ತಿದ್ದೇನೆ. ಇದರ ಹಿಡಿಕೆ ಹಿಡಿದರೆ, ಎಷ್ಟು ಗೇರು ಅಂತ ಕೇಳುವವರಿಲ್ಲ.